ಎರಡು ಕುದುರೆ, ಎರಡೂವರೆ ಎಕರೆ: ಹುಲ್ಲು ಉಳಿಯಬೇಕಾದರೆ ಮೊದಲು ಲದ್ದಿ ಎತ್ತಿ

ನಿಮ್ಮ ಪ್ರಶ್ನೆ ಓದಿದೆ. ದೊಡ್ಡಬಳ್ಳಾಪುರದ ಹತ್ತಿರ ಎರಡೂವರೆ ಎಕರೆ ಜಮೀನು, ಎರಡು ಕುದುರೆ. ಜೂನ್‌ನಲ್ಲಿ ಹಸಿರಾಗಿದ್ದ ನೆಲ ಅಕ್ಟೋಬರ್ ಹೊತ್ತಿಗೆ ಅರ್ಧ ಬೋಳು, ಅರ್ಧ ಕೆಸರು. ಮೂಲೆಯಲ್ಲಿ ಲದ್ದಿ ರಾಶಿ, ನೊಣ, ಪಕ್ಕದ ಮನೆಯವರ ತಕರಾರು. ಯಾವ ಹುಲ್ಲಿನ ಬೀಜ ಹಾಕಲಿ, ಲದ್ದಿಯನ್ನು ಎಲ್ಲಿಗೆ ಸಾಗಿಸಲಿ ಅಂತ ಕೇಳಿದ್ದೀರಿ.

ನಾನು ಕುಣಿಗಲ್ ಕಡೆಯವನು. ಟಿಪ್ಪುವಿನ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದ ಊರು ಇದು. ನಮ್ಮಲ್ಲಿ ಮೂರು ಕುದುರೆ ಇವೆ, ಅವಕ್ಕೆ ಬಿಟ್ಟಿರುವ ಜಾಗ ಮೂರೂವರೆ ಎಕರೆ. ನೀವು ಈಗ ನೋಡುತ್ತಿರುವ ಬೋಳು ನೆಲವನ್ನು ನಾನೂ ನೋಡಿದ್ದೇನೆ. ಅದಕ್ಕೇ ಮೊದಲೇ ಹೇಳುತ್ತೇನೆ, ಬೀಜ ಕೊಳ್ಳಲು ಈಗಲೇ ಹೋಗಬೇಡಿ. ಹುಲ್ಲಿನದ್ದು ಒಂದು ಪ್ರಶ್ನೆ, ಲದ್ದಿಯದ್ದು ಇನ್ನೊಂದು ಅಂತ ನಿಮಗೆ ಅನ್ನಿಸಿದೆ. ಅವೆರಡೂ ಒಂದೇ.

ಹಸು ಮೇಯುವುದನ್ನು ನೋಡಿದ್ದೀರಿ ಅಲ್ವಾ? ಅದಕ್ಕೆ ಮೇಲಿನ ಮುಂದಿನ ಹಲ್ಲಿಲ್ಲ. ನಾಲಗೆ ಸುತ್ತಿ ಹುಲ್ಲನ್ನು ಎಳೆಯುತ್ತದೆ, ಬುಡ ಉಳಿಯುತ್ತದೆ. ಕುದುರೆಗೆ ಮೇಲೂ ಕೆಳಗೂ ಹಲ್ಲಿದೆ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೆಲಕ್ಕೆ ಸಮವಾಗಿ ಕಡಿಯುತ್ತದೆ. ಇದರ ಜೊತೆಗೆ, ತಾನು ಲದ್ದಿ ಹಾಕಿದ ಜಾಗದ ಹುಲ್ಲನ್ನು ಅದು ಮೂಸಿ ಬಿಟ್ಟುಬಿಡುತ್ತದೆ. ಹಾಗಾಗಿ ಹೊಲ ಎರಡು ಭಾಗವಾಗುತ್ತದೆ. ಒಂದು ಕಡೆ ಲದ್ದಿ ಬಿದ್ದು ಮೊಣಕಾಲುದ್ದ ಬೆಳೆದು ಒರಟಾದ ಹುಲ್ಲು, ಇನ್ನೊಂದು ಕಡೆ ದಿನಾ ಕಚ್ಚಿಸಿಕೊಂಡು ಬೇರು ಸಾಯುವ ಬೋಳು ನೆಲ. ನಿಮ್ಮ ಎರಡೂವರೆ ಎಕರೆಯಲ್ಲಿ ಕುದುರೆ ನಿಜವಾಗಿ ಮೇಯುತ್ತಿರುವುದು ಒಂದೂವರೆ ಎಕರೆಯೂ ಇರಲಾರದು.

ಒಂದು ಕುದುರೆ ದಿನಕ್ಕೆ ಸುಮಾರು 20 ಕೆಜಿ ಲದ್ದಿ ಹಾಕುತ್ತದೆ, ದೊಡ್ಡದಾದರೆ ಇನ್ನೂ ಜಾಸ್ತಿ. ಎರಡಕ್ಕೆ ವರ್ಷಕ್ಕೆ ಹತ್ತಿರ ಹತ್ತಿರ 15 ಟನ್. ಅಷ್ಟನ್ನೂ ಹೊಲದಲ್ಲೇ ಬಿಟ್ಟರೆ ಹುಲ್ಲು ಗೆಲ್ಲುವುದಿಲ್ಲ.

ಇನ್ನೊಂದು ವಿಷಯ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ಕುದುರೆಯ ಕರುಳಿನ ಹುಳುಗಳ ಮೊಟ್ಟೆ ಲದ್ದಿಯಲ್ಲೇ ಹೊರಗೆ ಬರುತ್ತದೆ. ಮಳೆಗಾಲದ ಬೆಚ್ಚಗಿನ ಒದ್ದೆಯಲ್ಲಿ ಒಂದು ವಾರದ ಆಸುಪಾಸಿನಲ್ಲಿ ಮರಿ ತಯಾರಾಗುತ್ತದೆ. ಅದು ಒದ್ದೆ ಹುಲ್ಲಿನ ಎಸಳು ಹತ್ತಿ ಕುಳಿತು ಮತ್ತೆ ಕುದುರೆಯ ಹೊಟ್ಟೆಗೆ ಹೋಗುತ್ತದೆ. ನಮ್ಮ ಹೆಣ್ಣುಕುದುರೆ ಗೌರಿ ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಪಕ್ಕೆಲುಬು ಎಣಿಸುವ ಹಾಗೆ ಆದಳು. ಕೂದಲು ಹೊಳಪು ಕಳೆದುಕೊಂಡು ಎದ್ದು ನಿಂತಿತ್ತು. ಎರಡು ತಿಂಗಳಿಗೊಮ್ಮೆ ತಪ್ಪದೆ ಹುಳುವಿನ ಔಷಧಿ ಕೊಡುತ್ತಿದ್ದೆ, ಆದರೂ ಹೀಗೆ. ಕೊನೆಗೆ ಒಬ್ಬ ಹಿರಿಯ ಪಶುವೈದ್ಯರು ಲದ್ದಿ ಪರೀಕ್ಷೆ ಮಾಡಿಸಿ ಅಂದರು. ಔಷಧಿ ಕೊಟ್ಟ ಎರಡು ವಾರದ ಮೇಲೂ ಮೊಟ್ಟೆ ತುಂಬಾ ಇದ್ದವು. ಒಂದೇ ಔಷಧಿಯನ್ನು ಮತ್ತೆ ಮತ್ತೆ ಕೊಟ್ಟು ಕೊಟ್ಟು ಹುಳುಗಳು ಅದಕ್ಕೆ ಬಗ್ಗದ ಹಾಗೆ ಆಗಿದ್ದವು. ಔಷಧಿ ಬದಲಾಯಿಸಿದೆವು, ಗೌರಿ ಚೇತರಿಸಿಕೊಂಡಳು. ಆದರೆ ಆವತ್ತಿನಿಂದ ನಾನು ನಂಬಿರುವುದು ಔಷಧಿಗಿಂತ ಜಾಸ್ತಿ ಲದ್ದಿ ಎತ್ತುವ ಬುಟ್ಟಿಯನ್ನು.

ಹೊಲದಲ್ಲಿ ಬಿದ್ದ ಲದ್ದಿಯನ್ನು ವಾರಕ್ಕೆ ಎರಡು ಸಲವಾದರೂ ಎತ್ತಲೇಬೇಕು. ಮಳೆಗಾಲದಲ್ಲಿ ನಾನು ದಿನಾ ಎತ್ತುತ್ತೇನೆ. ಒಂದು ಮುಳ್ಳುಸಲಿಕೆ, ಒಂದು ಕೈಗಾಡಿ ಸಾಕು. ಬೆಳಿಗ್ಗೆ ಎತ್ತಿದರೆ ಉಂಡೆ ಗಟ್ಟಿಯಾಗಿರುತ್ತದೆ, ಮಳೆ ಬಿದ್ದು ಕರಗಿದ ಮೇಲೆ ತುಂಬಾ ಕಷ್ಟ. ಎರಡು ಕುದುರೆಗೆ ಅರ್ಧ ಗಂಟೆಯ ಕೆಲಸ. ಕೆಲವರು ಕುಂಟೆ ಎಳೆದು ಲದ್ದಿಯನ್ನು ಹೊಲಕ್ಕೆಲ್ಲ ಹರಡಿ ಅಂತ ಹೇಳುತ್ತಾರೆ. ಮಳೆಯಲ್ಲಿ ಹಾಗೆ ಮಾಡಿದರೆ ಹುಳುವಿನ ಮರಿಯನ್ನು ನೀವೇ ಹೊಲದ ತುಂಬಾ ಬಿತ್ತಿದ ಹಾಗೆ. ಮಾರ್ಚ್, ಏಪ್ರಿಲ್ ಬಿಸಿಲಿಗೆ ನೆಲ ಕಾದಿರುವಾಗ, ಆ ಜಾಗಕ್ಕೆ ಕೆಲವು ವಾರ ಕುದುರೆ ಬಿಡುವುದಿಲ್ಲ ಅನ್ನುವುದಾದರೆ ಮಾತ್ರ ಹರಡಬಹುದು. ಬಿಸಿಲಿಗೆ ಮರಿಗಳು ಒಣಗಿ ಸಾಯುತ್ತವೆ.

ಈಗ ನೆಲ. ಎರಡೂವರೆ ಎಕರೆಯನ್ನು ನಾಲ್ಕು ಭಾಗ ಮಾಡಿ. ಸೋಲಾರ್ ಬೇಲಿಯ ಅಗಲ ಟೇಪ್ ಇದ್ದರೆ ಸಾಕು, ಕುದುರೆ ಅದನ್ನು ದೂರದಿಂದಲೇ ನೋಡುತ್ತದೆ. ದಯವಿಟ್ಟು ಮುಳ್ಳುತಂತಿ ಬೇಡ. ಕುದುರೆ ಬೆದರಿ ನುಗ್ಗುವ ಪ್ರಾಣಿ, ಕಾಲು ಸೀಳಿಹೋಗುತ್ತದೆ. ಹುಲ್ಲು ಒಂದು ಗೇಣು ಬೆಳೆದಾಗ ಒಳಗೆ ಬಿಡಿ, ನಾಲ್ಕು ಬೆರಳು ಉಳಿದಾಗ ಹೊರಗೆ ತನ್ನಿ. ಇನ್ನೂ ಹುಲ್ಲಿದೆಯಲ್ಲ ಅಂತ ಮನಸ್ಸು ಎಳೆಯುತ್ತದೆ, ಸೋಲಬೇಡಿ. ಆ ನಾಲ್ಕು ಬೆರಳಿನಿಂದಲೇ ಮತ್ತೆ ಚಿಗುರಬೇಕು. ಮಳೆಯಿದ್ದಾಗ ಮೂರು ನಾಲ್ಕು ವಾರಕ್ಕೆ ಅದು ಮತ್ತೆ ಗೇಣಾಗುತ್ತದೆ, ನವೆಂಬರ್ ದಾಟಿದರೆ ಇನ್ನೂ ತಡ.

ಇದರ ಜೊತೆಗೆ ಲಾಯದ ಪಕ್ಕದಲ್ಲಿ ಒಂದು ಒಣ ಅಂಗಳ ಬೇಕು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತಿ ಮುಖ್ಯವಾದ ಜಾಗ ಅದೇ. ಸ್ವಲ್ಪ ಎತ್ತರ ಮಾಡಿ, ಜಲ್ಲಿ ಹಾಕಿ, ಮೇಲೆ ಮರಳು ಹರಡಿ, ನೀರು ಹರಿದುಹೋಗಲು ಕಾಲುವೆ ಕೊಡಿ. ಜೋರು ಮಳೆ ಬಂದ ದಿನ, ಹುಲ್ಲು ಸಾಲದ ದಿನ, ಕುದುರೆ ಅಲ್ಲಿರಲಿ. ಒದ್ದೆ ಕೆಂಪು ಮಣ್ಣಿನ ಮೇಲೆ ಕುದುರೆಯ ಗೊರಸು ಒಂದೇ ದಿನದಲ್ಲಿ ಮಾಡುವ ಹಾಳು ಸರಿಯಾಗಲು ಒಂದು ಋತು ಬೇಕು. ಅಂಗಳದಲ್ಲಿ ಮೇವನ್ನು ನೆಲಕ್ಕೆ ಹಾಕಬೇಡಿ, ತೊಟ್ಟಿಯಲ್ಲೇ ಹಾಕಿ. ಮೇವಿನ ಜೊತೆ ಮರಳು ನುಂಗಿದರೆ ಅದು ಕರುಳಲ್ಲಿ ಕೂತು ಹೊಟ್ಟೆನೋವು ತರುತ್ತದೆ, ಅದು ಜೀವಕ್ಕೇ ಅಪಾಯ.

ಒಂದು ಮಾತನ್ನು ಮುಚ್ಚಿಡದೆ ಹೇಳುತ್ತೇನೆ. 400 ಕೆಜಿಯ ಕುದುರೆಗೆ ದಿನಕ್ಕೆ 7–8 ಕೆಜಿ ಒಣ ಮೇವು, ಇಲ್ಲವೇ ಅದಕ್ಕೆ ಸಮನಾದಷ್ಟು ಹಸಿ ಹುಲ್ಲು ಬೇಕು. ನಮ್ಮ ಮಳೆಗೆ, ನಮ್ಮ ಮಣ್ಣಿಗೆ, ಎರಡೂವರೆ ಎಕರೆ ಎರಡು ಕುದುರೆಯನ್ನು ವರ್ಷಪೂರ್ತಿ ಸಾಕುವುದಿಲ್ಲ. ನಾಲ್ಕೈದು ತಿಂಗಳು ಮೇಯಲು ಸಿಕ್ಕರೆ ಅದೇ ದೊಡ್ಡದು. ಉಳಿದ ಕಾಲಕ್ಕೆ ಒಣಹುಲ್ಲಿನ ಖರ್ಚು ಈಗಲೇ ಲೆಕ್ಕ ಹಾಕಿಕೊಳ್ಳಿ.

ಬೀಜದ ಮಾತಿಗೆ ಬರುತ್ತೇನೆ. ನಿಮ್ಮ ನೆಲದಲ್ಲಿ ಗರಿಕೆ ಇದ್ದೇ ಇರುತ್ತದೆ. ಅದಕ್ಕಿಂತ ಗಟ್ಟಿ ಜೀವದ, ಕುದುರೆಗೆ ಅಷ್ಟು ಇಷ್ಟವಾದ ಹುಲ್ಲು ನನಗೆ ಗೊತ್ತಿಲ್ಲ. ವಿಶ್ರಾಂತಿ ಕೊಟ್ಟರೆ ಸಾಕು, ತಾನೇ ಹಬ್ಬುತ್ತದೆ. ಬಿತ್ತಲೇಬೇಕೆಂದರೆ ರೋಡ್ಸ್ ಹುಲ್ಲು ಒಳ್ಳೆಯದು. ನೇಪಿಯರ್ ಹಾಕಿ, ಜಾಸ್ತಿ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹಸುವಿಗೆ ಸರಿ. ಆದರೆ ಅದರಲ್ಲಿ ಆಕ್ಸಲೇಟ್ ಇದೆ, ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಬಹುಮಟ್ಟಿಗೆ ಒಡೆಯುತ್ತವೆ, ಕುದುರೆಗೆ ಆ ಅನುಕೂಲ ಇಲ್ಲ. ತಿಂಗಳುಗಟ್ಟಲೆ ಅದೇ ಮೇವಾದರೆ ಮೂಳೆ ಸವೆದು ಕುಂಟುತ್ತದೆ, ಮುಖದ ಮೂಳೆ ಊದುತ್ತದೆ. ಹಾಕುವುದಾದರೆ ಸ್ವಲ್ಪವೇ ಹಾಕಿ, ಜೊತೆಗೆ ಕುದುರೆ ಮೆಂತೆ ಕೊಡಿ, ಅದರಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಎಳೆ ಜೋಳದ ಪೈರಿನ ಹತ್ತಿರ ಬಿಡಲೇಬೇಡಿ. ಬೇಲಿಯಲ್ಲಿ ಕಣಗಿಲೆ, ಲಂಟಾನ, ಹರಳು ಗಿಡ ಇದ್ದರೆ ಈ ವಾರವೇ ಬುಡಸಮೇತ ಕೀಳಿ. ಕಿತ್ತ ಕಣಗಿಲೆಯನ್ನು ಅಲ್ಲೇ ಒಣಗಲು ಬಿಡಬೇಡಿ, ಒಣ ಎಲೆಯೂ ಅಷ್ಟೇ ವಿಷ.

ಇನ್ನು ಲದ್ದಿ. ಅದನ್ನು ಎಲ್ಲಿಗೂ ಸಾಗಿಸಬೇಡಿ, ಅದು ನಿಮ್ಮ ಆಸ್ತಿ. ಈಗ ಮೂಲೆಯಲ್ಲಿ ಸುಮ್ನೆ ಸುರಿದಿದ್ದೀರಿ, ಅದಕ್ಕೇ ನೊಣ. ಸಿಮೆಂಟ್ ಇಟ್ಟಿಗೆಯಲ್ಲಿ ಐದು ಅಡಿ ಅಗಲದ ಮೂರು ಗೂಡು ಕಟ್ಟಿ, ಮುಂಭಾಗ ತೆರೆದಿರಲಿ, ಮೇಲೆ ತಗಡು ಅಥವಾ ಟಾರ್ಪಾಲು ಇರಲಿ. ಬಾವಿ, ಬೋರ್‌ವೆಲ್‌ನಿಂದ ದೂರ, ನೀರು ನಿಲ್ಲದ ಜಾಗ ಆರಿಸಿ. ಒಂದು ತುಂಬುತ್ತಿರುತ್ತದೆ, ಒಂದು ಬೇಯುತ್ತಿರುತ್ತದೆ, ಒಂದು ತಯಾರಾಗಿರುತ್ತದೆ. ರಾಶಿ ನಾಲ್ಕು ಅಡಿ ಎತ್ತರ ಬಂದರೆ ಒಳಗೆ ಬಿಸಿ ಹುಟ್ಟುತ್ತದೆ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ನಾನು ಒಂದು ಕಬ್ಬಿಣದ ಸಲಾಕೆಯನ್ನು ರಾಶಿಯ ನಡುವೆ ಚುಚ್ಚಿಟ್ಟಿರುತ್ತೇನೆ. ಎಳೆದು ಮುಟ್ಟಿದಾಗ ಹಿಡಿಯಲಾಗದಷ್ಟು ಬಿಸಿ ಇದ್ದರೆ ಸರಿ. 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ಹುಳುವಿನ ಮೊಟ್ಟೆ, ಕಳೆ ಬೀಜ ಎರಡೂ ಸಾಯುತ್ತವೆ. ಹೊರಗಿನ ಪದರ ಅಷ್ಟು ಕಾಯುವುದಿಲ್ಲ, ಅದಕ್ಕೇ ಹತ್ತು ದಿನಕ್ಕೊಮ್ಮೆ ಹೊರಗಿನದು ಒಳಗೆ ಹೋಗುವ ಹಾಗೆ ಮಗುಚಬೇಕು. ಮೂರು ತಿಂಗಳಿಗೆ ಕಪ್ಪಗೆ, ಉದುರುದುರಾಗಿ, ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ಮೊದಲ ಸಲ ಕೈಗೆ ತೆಗೆದುಕೊಂಡಾಗ ಆಗುವ ಖುಷಿಯೇ ಬೇರೆ.

ಲಾಯದಲ್ಲಿ ಮರದ ಹೊಟ್ಟು ಹಾಸುತ್ತೀರಾ? ಹಾಗಿದ್ದರೆ ರಾಶಿ ಕಾಯುವುದು ನಿಧಾನ. ಅರೆಬೆಂದ ಹೊಟ್ಟು ಗಿಡಕ್ಕೆ ಬಿದ್ದರೆ ಎಲೆ ಹಳದಿಯಾಗುತ್ತದೆ, ಮಣ್ಣಿನ ಸಾರಜನಕವನ್ನೂ ಅದೇ ಎಳೆದುಕೊಳ್ಳುತ್ತದೆ. ಹಸುವಿನ ಗಂಜಲ ಸಿಕ್ಕರೆ ಸುರಿಯಿರಿ, ಇಲ್ಲವಾದರೆ ಬದುವಿನ ಗೊಬ್ಬರದ ಗಿಡದ ಸೊಪ್ಪು, ಹೊಂಗೆ ಸೊಪ್ಪು ಪದರ ಪದರವಾಗಿ ಹಾಕಿ. ಆದರೆ ಆ ಸೊಪ್ಪು ಕುದುರೆಯ ಬಾಯಿಗೆ ಸಿಗದಿರಲಿ.

ನೊಣಕ್ಕೆ ಸೆಕೆಯಲ್ಲಿ ಮೊಟ್ಟೆಯಿಂದ ರೆಕ್ಕೆವರೆಗೆ ಒಂದು ವಾರ, ಹತ್ತು ದಿನ ಸಾಕು. ಹೊಸ ಲದ್ದಿಯನ್ನು ರಾಶಿಯ ನಡುವೆ ಹೂತು ಒಣ ಪದರ ಮುಚ್ಚಿದರೆ ಆ ಬಿಸಿಯಲ್ಲಿ ಮರಿ ಬದುಕುವುದಿಲ್ಲ. ಉಚ್ಚೆಯಲ್ಲಿ ನೆನೆದ ಹುಲ್ಲನ್ನೂ ಲಾಯದಿಂದ ದಿನಾ ತೆಗೆಯಿರಿ. ಕಚ್ಚುವ ನೊಣ ಜಾಸ್ತಿ ಹುಟ್ಟುವುದು ಅದರಲ್ಲೇ. ಇದನ್ನೆಲ್ಲ ಮಾಡುವವರು ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡಿರಬೇಕು. ಆ ರೋಗಾಣು ಲದ್ದಿಯಲ್ಲಿ, ಮಣ್ಣಿನಲ್ಲಿ ಇರುತ್ತದೆ. ಕುದುರೆಗಂತೂ ಆ ರೋಗ ಬಹಳ ಬೇಗ ತಗಲುತ್ತದೆ, ಅವಕ್ಕೂ ಹಾಕಿಸಿ.

ಬೆಂದ ಗೊಬ್ಬರವನ್ನು ವಿಶ್ರಾಂತಿಯಲ್ಲಿರುವ ಭಾಗಕ್ಕೆ ತೆಳ್ಳಗೆ ಹರಡಿ, ಗರಿಕೆ ಹೇಗೆ ಏಳುತ್ತದೆ ನೋಡಿ. ಹಸಿ ಲದ್ದಿಯನ್ನು ಮಾತ್ರ ಮೇಯುವ ನೆಲಕ್ಕೆ ಹಾಕಬೇಡಿ. ಕುದುರೆ ಬಿಟ್ಟ ಒರಟು ಹುಲ್ಲಿಗೆ ಪಕ್ಕದವರ ಹಸು ಬಿಡಿಸಿ. ಹಸು ಅದನ್ನು ತಿನ್ನುತ್ತದೆ, ಕುದುರೆಯ ಹುಳುಗಳಲ್ಲಿ ಹೆಚ್ಚಿನವು ಹಸುವಿನ ಹೊಟ್ಟೆಯಲ್ಲಿ ಬದುಕುವುದಿಲ್ಲ. ನಿಮಗೆ ಬಹಳ ಲಾಭ, ಅವರಿಗೂ ಮೇವು.

ತಕರಾರು ಮಾಡುವ ಪಕ್ಕದ ಮನೆಯವರಿಗೆ ತೆಂಗಿನ ಮರ ಇದೆಯಾ? ಮೊದಲ ಗೂಡಿನ ಎರಡು ಚೀಲ ಗೊಬ್ಬರ ಅವರಿಗೆ ಕೊಡಿ. ನಮ್ಮ ಪಕ್ಕದ ಅಡಕೆ ತೋಟದವರು ಈಗ ಪ್ರತಿ ವರ್ಷ ಮಳೆಗೆ ಮುಂಚೆ ತಾವೇ ಖಾಲಿ ಚೀಲ ಹಿಡಿದು ಬರುತ್ತಾರೆ.