ಕುಲಾವಿ ಹೊಲಿಸಿದವರು, ಅರಮನೆ ತೋರಿಸಿದವರು

ತಿಪಟೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: "ಪೇಪರಿನಲ್ಲಿ 'ಅತಿ ಆಶಾವಾದಿ ಅಂದಾಜು' ಅಂತ ಓದಿದೆ. ಆಶಾವಾದ ಒಳ್ಳೆಯ ಗುಣ ಅಲ್ವಾ? ಒಳ್ಳೆಯದಕ್ಕೂ 'ಅತಿ' ಅಂಟಿಸಬಹುದೇ? ಈ ಮಾತನ್ನು ಎಲ್ಲಿ ಬಳಸಬೇಕು?"

ಮೇಷ್ಟ್ರೇ, ಮೊದಲು ನಿಮ್ಮ ಪಾಲಿನದು ಕೊಟ್ಟುಬಿಡುತ್ತೇನೆ. ಆಸೆ ಇಲ್ಲದಿದ್ದರೆ ಏನೂ ಏಳುವುದಿಲ್ಲ. ಸಿಡ್ನಿಯ ಒಪೆರಾ ಹೌಸ್‌ಗೆ 1957ರಲ್ಲಿ ಹಾಕಿದ ಲೆಕ್ಕ 70 ಲಕ್ಷ ಡಾಲರ್. 1973ರಲ್ಲಿ ಮುಗಿದಾಗ ಆದದ್ದು 10 ಕೋಟಿ 20 ಲಕ್ಷ. ನಿಜವಾದ ಲೆಕ್ಕ ಮೊದಲೇ ಗೊತ್ತಿದ್ದರೆ ಯಾರೂ ಗುದ್ದಲಿ ಹಿಡಿಯುತ್ತಿರಲಿಲ್ಲವೇನೋ. ಇವತ್ತು ಅದು ಬೇಡವಿತ್ತು ಅನ್ನುವವರನ್ನು ಹುಡುಕಬೇಕು. ಸರಿ, ಒಪ್ಪಿದೆ.

ಆದರೆ 'ಅತಿ ಆಶಾವಾದ' ಅನ್ನುವ ಮಾತೇ ನನಗೆ ಆಗಿಬರುವುದಿಲ್ಲ. ಇಂಗ್ಲಿಷಿನಿಂದ ಎತ್ತಿ ತಂದು, ಇಸ್ತ್ರಿ ಮಾಡಿ ನಿಲ್ಲಿಸಿದ ಪದ ಅದು. 'ಅತಿ ಆಸೆ ಗತಿ ಕೇಡು' ಗಾದೆಯ ನೆಂಟ ಅಂತ ತಿಳಿಯುವವರೂ ಇದ್ದಾರೆ. ಅಲ್ಲ. ಆ ಗಾದೆಯ ಆಸೆ ದುರಾಸೆ. ಇದು ದುರಾಸೆಯಲ್ಲ, ಲೆಕ್ಕ ತಪ್ಪಿದ ನಂಬಿಕೆ. ನೀವು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವರು, ನಿಮ್ಮ ಬಾಯಲ್ಲೇ ಇದಕ್ಕೆ ಮಾತಿತ್ತು: ಕೂಸು ಹುಟ್ಟುವ ಮುಂಚೆ ಕುಲಾವಿ. ಮರೆತಿರಾ?

ನಾನು ಮರೆಯುವ ಹಾಗಿಲ್ಲ. ನಾವು ಮನೆ ಕಟ್ಟಿಸುವಾಗ ಮೇಸ್ತ್ರಿ, "ಗೌರಿ ಹಬ್ಬಕ್ಕೆ ಹಾಲು ಉಕ್ಕಿಸಿ ಸಾರ್" ಅಂದ. ನಾನು ಗೃಹಪ್ರವೇಶದ ಕಾರ್ಡು ಮುನ್ನೂರು ಹೊಡೆಸಿದೆ, ಅರಿಶಿನ ಹಚ್ಚಿದ ಅಂಚಿನದು. ಗೌರಿ ಬಂದು ಹೋದಳು, ಕಿಟಕಿಗೆ ಚೌಕಟ್ಟೂ ಬಂದಿರಲಿಲ್ಲ. ಹಾಲು ಉಕ್ಕಿದ್ದು ಯುಗಾದಿ ಕಳೆದ ಮೇಲೆ. ಕಾರ್ಡಿನ ಹಿಂಬದಿ ಖಾಲಿ ಇತ್ತಲ್ಲ, ಇಂದಿಗೂ ದಿನಸಿ ಪಟ್ಟಿಗೆ ಅದೇ. ಈ ಉತ್ತರದ ಕರಡೂ ಅದರ ಮೇಲೇ ಬರೆದದ್ದು.

ಕನ್ನಡದಲ್ಲಿ ಇನ್ನೊಂದು ಮಾತಿದೆ: ಅಂಗೈಯಲ್ಲಿ ಅರಮನೆ ತೋರಿಸುವುದು. ಕುಲಾವಿ ಹೊಲಿಸುವವನು ತಾನೇ ನಂಬಿರುತ್ತಾನೆ. ಅರಮನೆ ತೋರಿಸುವವನು ನಮ್ಮನ್ನು ನಂಬಿಸುತ್ತಾನೆ. ಎರಡನ್ನೂ ಒಂದೇ ಗೋಣಿಗೆ ತುಂಬಿ ಮೇಲೆ 'ಅತಿ ಆಶಾವಾದ' ಅಂತ ಚೀಟಿ ಅಂಟಿಸಿದರೆ ಲಾಭ ಯಾರಿಗೆ, ಹೇಳಿ. ಬೆಂಟ್ ಫ್ಲೂಬ್ಯೆರ್ ಅನ್ನುವ ಡೆನ್ಮಾರ್ಕಿನ ಪ್ರೊಫೆಸರ್ ಮತ್ತು ಅವರ ಜೊತೆಗಾರರು ರಸ್ತೆ, ರೈಲು, ಸೇತುವೆ ಅಂತ 258 ಕಾಮಗಾರಿಗಳ ಲೆಕ್ಕ ತೆಗೆದು 2002ರಲ್ಲಿ ಬರೆದರು. ಹತ್ತರಲ್ಲಿ ಒಂಬತ್ತು ಅಂದಾಜು ಮೀರಿದ್ದವು. ಬರೀ ತಪ್ಪಾಗಿದ್ದರೆ ಹೆಚ್ಚುಕಮ್ಮಿ ಅರ್ಧದಷ್ಟಾದರೂ ಕಡಿಮೆ ಖರ್ಚಿನಲ್ಲಿ ಮುಗಿಯಬೇಕಿತ್ತು ಅಲ್ವಾ? ಇದನ್ನು ತಪ್ಪು ಅನ್ನುವುದಕ್ಕಿಂತ ಸುಳ್ಳು ಅನ್ನುವುದೇ ಹೊಂದುತ್ತದೆ ಎಂದರು ಅವರು. ನಮ್ಮಜ್ಜಿ ಅಷ್ಟೆಲ್ಲ ಲೆಕ್ಕ ಹಾಕದೆ ಎರಡು ಗಾದೆಯಲ್ಲೇ ಬೇರೆ ಮಾಡಿಟ್ಟಿದ್ದಳು.

ನಮ್ಮ ಮೆಟ್ರೊ ಮೊದಲ ಹಂತಕ್ಕೆ 2006ರಲ್ಲಿ ಹೇಳಿದ ಅಂದಾಜು 6,395 ಕೋಟಿ. 2017ರಲ್ಲಿ ಪೂರ್ತಿ ಓಡುವಷ್ಟರಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ನಡುವೆ ದಾರಿಯೂ ಉದ್ದವಾಯಿತು ಅನ್ನಿ, ಸುಮ್ನೆ ದೂರಬಾರದು. ಇದು ಕುಲಾವಿಯೋ ಅರಮನೆಯೋ ನಾನು ಹೇಳಲಾರೆ. ಆದರೆ ಕೇಳುವುದಕ್ಕಾದರೂ ಪದ ಬೇಕಲ್ಲ? ವರದಿಗಾರರು 'ಅತಿ ಆಶಾವಾದಿ ಅಂದಾಜು' ಅಂತ ಬರೆದ ಕೂಡಲೇ ಪ್ರಶ್ನೆ ಮಲಗಿಬಿಡುತ್ತದೆ. 'ಮರುಹೊಂದಾಣಿಕೆ', 'ಪರಿಷ್ಕೃತ ಗಡುವು' ಇವೂ ಅದೇ ಜಾತಿಯವು. ನಮ್ಮ ಕಚೇರಿಯಲ್ಲಿ ಇಂಥ ಪದ ಕಂಡರೆ ನಾನು ಕೆಂಪು ಗೆರೆ ಎಳೆಯುತ್ತೇನೆ, ಹುಡುಗರು ಬೈಯುತ್ತಾರೆ.

ಎಲ್ಲಿ ಬಳಸಬೇಕು ಅಂತ ಕೇಳಿದಿರಿ. ಬಳಸಲೇಬೇಕಾದರೆ, ತಾನೇ ನಂಬಿ ಕೆಟ್ಟವನಿಗೆ ಮಾತ್ರ ಬಳಸಿ. ನಮ್ಮ ಮೇಸ್ತ್ರಿಗೆ ಬಳಸಬಹುದು. ಗೌರಿ ಹಬ್ಬಕ್ಕೆ ನಮ್ಮ ಕೆಲಸ ಮುಗಿದು ಕೊನೇ ಕಂತು ಕೈಗೆ ಬರುತ್ತದೆ ಅಂತ ಲೆಕ್ಕ ಹಾಕಿ, ಅವನು ಮಗಳ ಮದುವೆಗೆ ಛತ್ರ ಬುಕ್ ಮಾಡಿದ್ದ. ಕಿಟಕಿಯಿಲ್ಲದ ಮನೆಯಲ್ಲಿ ನಿಂತು ಆ ಕಂತು ಎಣಿಸಿಕೊಟ್ಟೆವು. ಮದುವೆ ಊಟ ಚೆನ್ನಾಗಿತ್ತು.