ಅಜ್ಜಿ ದುಡ್ಡು ಕೇಳಿರಲಿಲ್ಲ, ನಾನು ಕೇಳಬಹುದಾ?

ಸಾಗರದ ಕಡೆಯ ಹುಡುಗಿ, ವಯಸ್ಸು 27. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆಯೂ ಇದೆ. ಚಿತ್ರಕಲೆಯಲ್ಲಿ ಪದವಿ ಮಾಡಿದವಳು, ಮದುವೆ ಮನೆಗಳ ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ಅಜ್ಜಿಯಿಂದಲೇ ಕಲಿತವಳು. ಶಿವಮೊಗ್ಗಕ್ಕೆ ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದು ಮಾತ್ರ ನಿದ್ದೆ ಬರುತ್ತಿಲ್ಲ ಅಂತ. ಫೋನ್ ರಿಂಗಾದರೆ ಎದೆ ಡವಡವ ಅನ್ನುತ್ತದಂತೆ. ಹೆದರಿಕೆ ಎಲ್ಲ ಫೋನಿಗೂ ಅಲ್ಲ, ಒಂದೇ ನಂಬರಿಗೆ ಅಂತ ಗೊತ್ತಾಗಲು ಜಾಸ್ತಿ ಹೊತ್ತು ಹಿಡಿಯಲಿಲ್ಲ.

ಆ ನಂಬರು ಒಂದು ಹೋಂಸ್ಟೇ ಮಾಲೀಕರದ್ದು. ದೂರದ ನೆಂಟರು, ಈಕೆ ಮಾವ ಅಂತ ಕರೆಯುತ್ತಾಳೆ. "ನಮ್ಮನೆ ಹುಡುಗಿ ಇರುವಾಗ ಬೇರೆಯವರನ್ನ ಯಾಕೆ ಕರೀಲಿ" ಅಂತ ಜಗಲಿ ಗೋಡೆಗೆ ಚಿತ್ತಾರ ಬರೆಸಿದರು. ರೇಟಿನ ಮಾತೇ ಬರಲಿಲ್ಲ. ಕೆಲಸ ಮುಗಿದ ಮೇಲೆ 8,000 ರೂಪಾಯಿ ಕೈಗಿಟ್ಟರು. ಮಳೆಗಾಲದಲ್ಲಿ ಬಣ್ಣ ಗುಳ್ಳೆ ಎದ್ದಿತು. ಪುಕ್ಕಟೆಯಾಗಿ ಮತ್ತೆ ಬರೆದುಕೊಡು ಅಂತ ಫೋನ್ ಮೇಲೆ ಫೋನ್. ಅಷ್ಟರಲ್ಲಿ ಅದೇ ಚಿತ್ತಾರ ಅತಿಥಿಗಳಿಗೆ ಮಾರುವ ಕಾಫಿ ಕಪ್ಪುಗಳ ಮೇಲೂ ಬಂದಿತ್ತು. ಬರೆದವಳ ಹೆಸರು ಎಲ್ಲೂ ಇರಲಿಲ್ಲ.

ಸಿಟ್ಟು ಬರಲಿಲ್ವಾ ಅಂತ ಕೇಳಿದೆ. ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಜ್ಜಿ ಎಷ್ಟು ಮದುವೆ ಮನೆಗಳಲ್ಲಿ ಬರೆದಿದ್ದಾರೆ ಮೇಡಂ. ಒಂದಿನಾನೂ ದುಡ್ಡು ಕೇಳಲಿಲ್ಲ. ಅಕ್ಕಿ, ಕಾಯಿ, ಎಲೆ ಅಡಿಕೆ, ಒಂದು ರವಿಕೆ ಕಣ. ನಾನು ಕೇಳಿದ್ರೆ ಅಜ್ಜಿ ವಿದ್ಯೆ ಮಾರಿಕೊಂಡ ಹಾಗಲ್ವಾ?" ಅಂದಳು.

ನಿದ್ದೆ ಕೆಡಿಸಿದ್ದು ಫೋನಲ್ಲ, ಈ ಪ್ರಶ್ನೆ. ಇದನ್ನು ಬಿಟ್ಟು ಬಿಲ್ಲು, ಒಪ್ಪಂದ ಅಂತ ಏನೇ ಹೇಳಿಕೊಟ್ಟರೂ ಅವಳು ಅದನ್ನು ಬಳಸುತ್ತಿರಲಿಲ್ಲ. ಹಾಗಾಗಿ ಮೊದಲ ಭೇಟಿ ಪೂರ್ತಿ ಅಜ್ಜಿಯ ಬಗ್ಗೆಯೇ ಮಾತಾಡಿದೆವು.

ದೀವರ ಸಮುದಾಯದ ಮನೆಗಳಲ್ಲಿ ಹಸೆ ಬರೆಯುವುದು ಹೆಂಗಸರ ಕೆಲಸ. ಅಕ್ಕಿ ಅರೆದ ಬಿಳಿ, ಕೆಮ್ಮಣ್ಣಿನ ಕೆಂಪು, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅಂಗಡಿಯಿಂದ ತರುವುದು ಏನೂ ಇರಲಿಲ್ಲ. ಅಜ್ಜಿ ಹಸೆ ಬರೆದುಕೊಟ್ಟ ಮನೆಯವರು ನಿಮ್ಮ ಗದ್ದೆ ನಾಟಿಗೆ ಬರ್ತಿದ್ರಾ ಅಂತ ಕೇಳಿದೆ. "ಬರ್ತಿದ್ರು. ಮುಯ್ಯಾಳು ಇತ್ತಲ್ಲ" ಅಂದಳು. ಮುಯ್ಯಾಳು ಅಂದರೆ ಕೂಲಿ ಇಲ್ಲದೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಆಳಾಗಿ ಹೋಗುವುದು. ಹಾಗಾದರೆ ಅಜ್ಜಿ ಪುಕ್ಕಟೆ ಬರೆದಿಲ್ಲ ಅಲ್ವಾ? ಒಂದು ಮನೆಯ ಕೈ ಇನ್ನೊಂದು ಮನೆಗೆ ಆಗುತ್ತಿತ್ತು. ಹೋಂಸ್ಟೇ ಮಾವ ನಿನ್ನ ಕೆಲಸಕ್ಕೆ ಯಾವತ್ತು ಆಳಾಗಿ ಬರ್ತಾರೆ? ಅವಳು ಅಳುತ್ತಲೇ ನಕ್ಕಳು. ಮುಯ್ಯಿ ತೀರಿಸದ ಕಡೆ ದುಡ್ಡು ಕೇಳುವುದರಲ್ಲಿ ತಪ್ಪಿಲ್ಲ ಅಂತ ನಾನು ಗಟ್ಟಿಯಾಗಿಯೇ ಹೇಳಿದೆ. ಹಾಗೆ ಹೇಳುವುದು ಆಪ್ತಸಲಹೆಯ ಮಿತಿ ದಾಟಿದಂತೆ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ.

ಮುಂದಿನ ಸಲ ನೋಟ್‌ಬುಕ್ ತರಿಸಿದೆ. ಬಂದಿದ್ದು 8,000. ಬಣ್ಣ, ಕುಂಚಕ್ಕೆ 2,600. ಬಸ್ಸು, ಊಟಕ್ಕೆ 900. ಉಳಿದಿದ್ದು 4,500. ಕೆಲಸ 10 ದಿನ. ದಿನಕ್ಕೆ 450! ಅದೇ ಗೋಡೆಗೆ ಪ್ರೈಮರ್ ಹೊಡೆದವರಿಗೆ ದಿನಕ್ಕೆ 900 ಕೊಟ್ಟಿದ್ದರು. ಸ್ಕೆಚ್ ಮಾಡಿದ ರಾತ್ರಿಗಳನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಐದು ವರ್ಷ ಕಾಲೇಜಿನಲ್ಲಿ ಕೂತರೂ ಈ ಲೆಕ್ಕ ಯಾರೂ ಹಾಕಿಸಲಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಗುಳ್ಳೆ ಎದ್ದಿದ್ದಕ್ಕೆ ತನ್ನ ಕೈಯೇ ಸರಿಯಿಲ್ಲ ಅಂದುಕೊಂಡಿದ್ದಳು. ಫೋಟೋ ನೋಡಿದೆವು. ಜಂಬಿಟ್ಟಿಗೆ ಗೋಡೆ, ಸೂರಿನ ನೀರು ಬುಡಕ್ಕೇ ಸಿಡಿಯುತ್ತಿದೆ. ಗುಳ್ಳೆ ಇರುವುದು ನೆಲದಿಂದ ಎರಡು ಅಡಿಯವರೆಗೆ ಮಾತ್ರ, ಮೇಲೆ ಚಿತ್ತಾರ ಚೆನ್ನಾಗಿಯೇ ಇದೆ. ಒಳಗಿನಿಂದ ಥಂಡಿ ಏರಿದರೆ ಯಾರು ಬರೆದ ಬಣ್ಣವೂ ನಿಲ್ಲುವುದಿಲ್ಲ. ಗೋಡೆ ಒಣಗಿಸಿ ಕೊಡುವುದು ಮನೆಯವರ ಜವಾಬ್ದಾರಿ ಅಂತ ಮೊದಲೇ ಬರೆದಿಡಬೇಕಿತ್ತು, ಅಷ್ಟೇ.

ಕಾಫಿ ಕಪ್ಪಿನ ವಿಷಯಕ್ಕೆ ಪರಿಚಯದ ವಕೀಲರನ್ನು ಕೇಳಿದೆ. ಕಲಾವಿದರು ಇದನ್ನು ತಿಳಿದಿರಲೇಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸ್ವಂತಕ್ಕೆ ಬರೆದ ಚಿತ್ರದ ಹಕ್ಕು ಬರೆದವರದ್ದು. ಆದರೆ ಒಬ್ಬರು ಹೇಳಿ, ದುಡ್ಡು ಕೊಟ್ಟು ಬರೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಹೋಗುತ್ತದೆ. ಬಾಯಿಮಾತಿನ ಕೆಲಸದಲ್ಲಿ ಕಲಾವಿದರು ಕಳೆದುಕೊಳ್ಳುವುದು ಇಲ್ಲೇ. ಹಾಗಿದ್ದರೂ, ಇದು ನನ್ನ ಕೃತಿ ಅಂತ ಹೇಳಿಕೊಳ್ಳುವ ಹಕ್ಕು ಬರೆದವರ ಹತ್ತಿರವೇ ಉಳಿಯುತ್ತದೆ. ಕಪ್ಪಿನ ದುಡ್ಡಿಗೆ ಜಗಳ ಕಷ್ಟ, ಹೆಸರನ್ನು ಮಾತ್ರ ಧೈರ್ಯವಾಗಿ ಕೇಳು ಅಂದೆ.

ಮುಂದಿನ ಕೆಲಸಗಳಿಗೆ ಒಂದೇ ಪುಟದ ಕಾಗದ ಸಿದ್ಧ ಮಾಡಿದೆವು. ಗೋಡೆಯ ಅಳತೆ, ಚದರಡಿ ರೇಟು, ಬಣ್ಣದ ಖರ್ಚು ಬೇರೆ, ಅರ್ಧ ಮುಂಗಡ, ಗೋಡೆಯ ಥಂಡಿ ಯಾರ ಹೊಣೆ, ಚಿತ್ರ ಈ ಗೋಡೆಗೆ ಮಾತ್ರ, ಬೇರೆ ಕಡೆ ಅಚ್ಚು ಹಾಕಿಸಲು ಲಿಖಿತ ಅನುಮತಿ, ಮೂಲೆಯಲ್ಲಿ ಹೆಸರು. ಎರಡೂ ಕಡೆಯವರ ಸಹಿ. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಹೋಗುವಾಗ ಪ್ರತಿ ಚಿತ್ರದ ಹಿಂದೆ ಬೆಲೆ ಬರೆದಿಡು ಅಂತಲೂ ಹೇಳಿದೆ. ಎದುರು ನಿಂತವರ ಮುಖ ನೋಡಿ ಬೆಲೆ ಇಳಿಸುವ ಅಭ್ಯಾಸ ಅವಳಿಗಿತ್ತು.

ಆಮೇಲೆ ಮಾತಿನ ಅಭ್ಯಾಸ. ನಾನು ಮಾವ ಆದೆ, ಬೇಕಂತಲೇ ಗದರಿದೆ. ಮೊದಲೆರಡು ಸಲ "ಆಯ್ತು ಮಾವ" ಅಂದುಬಿಟ್ಟಳು. ಕೊನೆಗೆ ಈ ಮಾತು ಕೂಡಿ ಬಂತು: "ಮಾವ, ಗೋಡೆ ಬೇಸಿಗೆಯಲ್ಲಿ ಒಣಗಲಿ, ಬಂದು ಸರಿ ಮಾಡ್ತೀನಿ. ಲೆಕ್ಕ ಬರೆದು ಕಳಿಸ್ತೀನಿ, ನೋಡಿ ಹೇಳಿ." ಸಂಬಂಧವೂ ಕೆಡಲಿಲ್ಲ, ಕೆಲಸದ ಬೆಲೆಯೂ ಬಿದ್ದುಹೋಗಲಿಲ್ಲ. ಇದಕ್ಕಿಂತ ಉದ್ದ ಹೇಳಬೇಡ, ಕಾರಣ ಕೊಡುತ್ತಾ ಹೋಗಬೇಡ ಅಂದೆ.

ಅವಳು ಹಾಗೇ ಹೇಳಿದಾಗ ಮಾವ ಮೊದಲು ಮುನಿಸಿಕೊಂಡರು. ಅವಳ ಅಪ್ಪನಿಗೆ ಫೋನ್ ಮಾಡಿ ದೂರಿದರು. ಅಪ್ಪ, "ಅವಳ ಕೆಲಸ, ಅವಳನ್ನೇ ಕೇಳಿ" ಅಂದರಂತೆ. ಅದನ್ನು ಹೇಳುವಾಗ ಅವಳ ಮುಖ ಅರಳಿತ್ತು. ಕೆಳಗಿನ ಎರಡಡಿ ಮತ್ತೆ ಬರೆಯಲು ಮಾವ ಈಗ ಕೂಲಿ ಒಪ್ಪಿದ್ದಾರೆ. ಹೊಸ ಕಪ್ಪುಗಳಲ್ಲಿ ಹೆಸರು ಹಾಕಿಸಿದ್ದಾರೆ, ಹಳೆಯದಕ್ಕೆ ದುಡ್ಡು ಕೊಟ್ಟಿಲ್ಲ. ನಿದ್ದೆ ಸುಧಾರಿಸಿದೆ. ಆದರೆ ರೇಟು ಕಳಿಸಿದ ಕೂಡಲೇ ಫೋನ್ ಆಫ್ ಮಾಡಿಡುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಮುಂದಿನ ಭೇಟಿಯಲ್ಲಿ ಅದರ ಬಗ್ಗೆ ಕೆಲಸ ಮಾಡಬೇಕು.