ಮಾತೇ ಬಾರದ ನಾನು ಎಂಥ ಅಪ್ಪ ಆಗ್ತೀನಿ?

ಪ್ರಶ್ನೆ: ಮದುವೆಯಾಗಿ ಎಂಟು ತಿಂಗಳು. ಮಗು ಈಗಲೇ ಬೇಡ ಅಂದುಕೊಂಡಿದ್ದೆವು, ಆದರೆ ಹೆಂಡತಿಗೀಗ ಮೂರು ತಿಂಗಳು. ನನಗೆ ಮೊದಲೇ ಮಾತು ಕಡಿಮೆ. ಡಾಕ್ಟರ್ ಏನಾದರೂ ಕೇಳಿದರೆ ಬೆವರುತ್ತೇನೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಹೆಸರೂ ಬೇಡ ಅಂದಿರಿ, ನಾಚಿಕೆ ಎಷ್ಟಿದೆ ಅಂತ ಗೊತ್ತಾಯಿತು ಬಿಡಿ. ಕೇಳಬೇಕಾದ್ದನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಬಾಯಿ ಕಟ್ಟಿದರೆ ಆ ಚೀಟಿಯನ್ನೇ ಡಾಕ್ಟರ್ ಕೈಗೆ ಕೊಡಿ, ಯಾರೂ ನಗುವುದಿಲ್ಲ. ತಾಯಿ ಕಾರ್ಡ್ ಆಗಿಲ್ಲವಾದರೆ ಈ ವಾರವೇ ಆಶಾ ಕಾರ್ಯಕರ್ತೆಯನ್ನು ಕೇಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ನೀವೂ ಒಳಗೆ ಹೋಗಿ, ಹೊರಗೆ ಬೈಕ್ ಮೇಲೆ ಕೂತು ಮೊಬೈಲ್ ನೋಡಬೇಡಿ! ಕಬ್ಬಿಣದ ಮಾತ್ರೆ 180 ದಿನ ತಪ್ಪದೆ ನೆನಪಿಸುವುದು ನಿಮ್ಮ ಕೆಲಸ. ಟೀ ಜೊತೆ ಕೊಡಬೇಡಿ, ಮೈಗೆ ಹತ್ತುವುದಿಲ್ಲ.

ಆರನೇ ತಿಂಗಳ ಹೊತ್ತಿಗೆ ಮಗುವಿಗೆ ಹೊರಗಿನ ದನಿ ಕೇಳಿಸುತ್ತದೆ. ಸುಮ್ನೆ ಬೆಣ್ಣೆದೋಸೆ ಹೋಟೆಲ್‌ನಲ್ಲಿ ಎಷ್ಟು ರಶ್ ಇತ್ತು ಅಂತ ಹೇಳಿದರೂ ಸಾಕು, ಅದು ತಿರುಗಿ ಪ್ರಶ್ನೆ ಕೇಳುವುದಿಲ್ಲ, ಅಲ್ವಾ?

ಹೆಂಡತಿಗೆ ಮಾತ್ರ 'ನನಗೂ ಭಯ' ಅಂತ ಇವತ್ತೇ ಹೇಳಿ. ಸಂಜೆ ಕುಂದವಾಡ ಕೆರೆ ಕಡೆ ನಡೆಯುತ್ತಾ ಹೇಳಿ. ನಿಮ್ಮಂಥವರಿಗೆ ಮುಖ ನೋಡಿ ಹೇಳುವುದಕ್ಕಿಂತ ಅದೇ ಸುಲಭ.